ಹೃದಯದ ಔಷಧ, ಉಸಿರಾಟದ ಔಷಧ: ಒಂದೇ ರೋಗಿಗೆ ಎರಡೂ ಬೇಕಾದಾಗ ನರ್ಸ್ ತೂಗಿ ನೋಡಬೇಕಾದ ಆಯ್ಕೆಗಳು

ನರ್ಸಿಂಗ್ ಪಠ್ಯದಲ್ಲಿ ಹೃದಯದ ಔಷಧಗಳಿಗೊಂದು ಅಧ್ಯಾಯವಿರುತ್ತದೆ, ಉಸಿರಾಟದ ಔಷಧಗಳಿಗೆ ಇನ್ನೊಂದು. ಪರೀಕ್ಷೆಯಲ್ಲಿಯೂ ಪ್ರಶ್ನೆಗಳು ಬೇರೆಬೇರೆಯಾಗಿಯೇ ಬರುತ್ತವೆ. ಮೆಡಿಸಿನ್ ವಾರ್ಡಿನಲ್ಲಿ ಈ ವಿಂಗಡಣೆ ನಿಲ್ಲುವುದಿಲ್ಲ. ದಶಕಗಳ ಕಾಲ ಬೀಡಿ ಸೇದಿದ ಅಜ್ಜನಿಗೆ ದಮ್ಮಿನ ಜೊತೆಗೆ ಹೃದಯ ವೈಫಲ್ಯವೂ ಇರುತ್ತದೆ. ಸೌದೆ ಒಲೆಯ ಹೊಗೆಯಲ್ಲಿಯೇ ಅಡುಗೆ ಮಾಡಿಕೊಂಡು ಬಂದ ಅಜ್ಜಿಗೆ ಸಿಒಪಿಡಿಯ (ಶ್ವಾಸನಾಳಗಳು ಕಾಯಂ ಆಗಿ ಕಿರಿದಾಗುವ ರೋಗ) ಜೊತೆಗೆ ರಕ್ತದೊತ್ತಡವೂ ಇರುತ್ತದೆ. ಇಂಥವರ ಡ್ರಗ್ ಚಾರ್ಟಿನಲ್ಲಿ ಬಿಪಿ ಮಾತ್ರೆ, ನೀರಿನ ಮಾತ್ರೆ, ನೆಬುಲೈಸೇಶನ್, ಸ್ಟೀರಾಯ್ಡ್ ಎಲ್ಲವೂ ಒಂದರ ಕೆಳಗೊಂದು ಬರೆದಿರುತ್ತವೆ, ಮತ್ತು ಎದೆಗೂಡಿನೊಳಗೆ ಒಂದಕ್ಕಾಗಿ ಕೊಟ್ಟದ್ದು ಇನ್ನೊಂದನ್ನು ಮುಟ್ಟಿಯೇ ಮುಟ್ಟುತ್ತದೆ.

ಔಷಧವನ್ನು ಆರಿಸಿ ಬರೆಯುವವರು ವೈದ್ಯರು. ಆದರೆ ಅದು ರೋಗಿಯ ದೇಹ ಸೇರುವ ಮುನ್ನ ಕೊನೆಯದಾಗಿ ನೋಡುವವರು, ಸೇರಿದ ಮೇಲೆ ಮೊದಲು ನೋಡುವವರು ನರ್ಸ್. ಆದ್ದರಿಂದ ಈ ಔಷಧ ಬಿಟ್ಟು ಆ ಔಷಧವನ್ನು ಏಕೆ ಬರೆದರು, ಈ ರೋಗಿಗೆ ಅದು ಸರಿಯೇ ಎಂಬ ಪ್ರಶ್ನೆ ಅವರಿಗೂ ಸೇರಿದ್ದು. ಹೃದಯಕ್ಕಾಗಿ ಕೊಡುವ ಪ್ರತಿಯೊಂದು ಔಷಧದ ಬಗ್ಗೆಯೂ ಅದು ಉಸಿರಿಗೆ ಏನು ಮಾಡುತ್ತದೆ ಎಂದು, ಉಸಿರಿಗಾಗಿ ಕೊಡುವ ಪ್ರತಿಯೊಂದರ ಬಗ್ಗೆಯೂ ಅದು ಹೃದಯಕ್ಕೆ ಏನು ಮಾಡುತ್ತದೆ ಎಂದು ಕೇಳಿಕೊಳ್ಳುವುದೇ ಇಲ್ಲಿನ ಹೋಲಿಕೆಯ ಅಳತೆಗೋಲು. ಇಲ್ಲಿ ಕೊಟ್ಟಿರುವ ಪ್ರಮಾಣಗಳು ವಯಸ್ಕರಿಗೆ ಸಾಮಾನ್ಯವಾಗಿ ಬಳಸುವಂಥವು. ರೋಗಿಯ ಕೇಸ್ ಶೀಟಿನಲ್ಲಿರುವ ಆದೇಶ ಮತ್ತು ಆಸ್ಪತ್ರೆಯ ಲಿಖಿತ ನಿಯಮಗಳೇ ಅಂತಿಮ.

ಬೀಟಾ ಬ್ಲಾಕರ್‌ಗಳು: ಪ್ರೊಪ್ರನೊಲಾಲ್, ಕಾರ್ವೆಡಿಲಾಲ್, ಮೆಟೊಪ್ರೊಲಾಲ್

ಹೋಲಿಕೆ ಇಲ್ಲಿಂದಲೇ ಆರಂಭವಾಗಬೇಕು, ಏಕೆಂದರೆ ಈ ಗುಂಪಿನಲ್ಲಿ ತಪ್ಪು ಆಯ್ಕೆಯ ಬೆಲೆ ಅತಿ ಹೆಚ್ಚು. ಬೀಟಾ ಬ್ಲಾಕರ್ ತಡೆಯುವುದು ಬೀಟಾ ಗ್ರಾಹಕಗಳನ್ನು, ಅಂದರೆ ಜೀವಕೋಶಗಳ ಮೇಲೆ ಅಡ್ರಿನಲಿನ್ ಬಂದು ಕೂರುವ ತಾಣಗಳನ್ನು. ಬೀಟಾ-1 ಗ್ರಾಹಕಗಳು ಮುಖ್ಯವಾಗಿ ಹೃದಯದಲ್ಲಿಯೂ ಬೀಟಾ-2 ಗ್ರಾಹಕಗಳು ಶ್ವಾಸನಾಳದ ಸ್ನಾಯುಗಳಲ್ಲಿಯೂ ಇವೆ. 1960ರ ದಶಕದಲ್ಲಿ ಜೇಮ್ಸ್ ಬ್ಲ್ಯಾಕ್ ಅವರ ಸಂಶೋಧನೆಯಿಂದ ಬಂದ ಪ್ರೊಪ್ರನೊಲಾಲ್ ಎರಡನ್ನೂ ತಡೆಯುತ್ತದೆ. ಹೃದಯಕ್ಕೆ ಸಿಗುವ ವಿಶ್ರಾಂತಿಯ ಜೊತೆಗೇ ಶ್ವಾಸನಾಳ ಬಿಗಿಯುವ ಅಪಾಯವೂ ಬರುವುದರಿಂದ ಅಸ್ತಮಾ ಇರುವವರಿಗೆ ಇದು ನಿಷಿದ್ಧ. ಅಷ್ಟೇ ಅಲ್ಲ, ಅಂಥ ರೋಗಿಗೆ ಉಬ್ಬಸ ಬಂದಾಗ ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ ಕೊಟ್ಟರೂ ಅದು ಕೆಲಸ ಮಾಡಬೇಕಾದ ಗ್ರಾಹಕವೇ ಮುಚ್ಚಿರುತ್ತದೆ. ಆಗ ಬೇರೆ ದಾರಿಯಲ್ಲಿ ಕೆಲಸ ಮಾಡುವ ಇಪ್ರಾಟ್ರೋಪಿಯಂ ನೆರವಿಗೆ ಬರುತ್ತದೆ. ಪ್ರೊಪ್ರನೊಲಾಲನ್ನು ಮೈಗ್ರೇನ್, ಕೈನಡುಕ, ಥೈರಾಯ್ಡ್ ಏರುಪೇರು, ಪರೀಕ್ಷೆಯ ಆತಂಕ ಇಂಥವುಗಳಿಗೂ ಬರೆಯುವುದರಿಂದ ಅದನ್ನು ‘ಹೃದಯದ ಔಷಧ’ ಎಂದು ರೋಗಿ ಗುರುತಿಸಿರುವುದೇ ಇಲ್ಲ. ‘ತಲೆನೋವಿಗೆ ದಿನಾ ಒಂದು ಮಾತ್ರೆ ತಗೋತೀನಿ’ ಎಂದು ಯಾರಾದರೂ ಹೇಳಿದರೆ ಆ ಚೀಟಿಯನ್ನು ತರಿಸಿ ನೋಡಬೇಕು.

ಕಾರ್ವೆಡಿಲಾಲ್ ಕೂಡ ಬೀಟಾ-1, ಬೀಟಾ-2 ಎರಡನ್ನೂ ತಡೆಯುತ್ತದೆ. ಜೊತೆಗೆ ಆಲ್ಫಾ-1 ಗ್ರಾಹಕವನ್ನೂ ತಡೆದು ರಕ್ತನಾಳಗಳನ್ನು ಸಡಿಲಿಸುತ್ತದೆ. ಹೃದಯ ವೈಫಲ್ಯದಲ್ಲಿ ಆಯುಷ್ಯ ಹೆಚ್ಚಿಸುವುದು ಸಾಬೀತಾಗಿರುವ ಮೂರು ಬೀಟಾ ಬ್ಲಾಕರ್‌ಗಳೆಂದರೆ ಕಾರ್ವೆಡಿಲಾಲ್, ಬೈಸೊಪ್ರೊಲಾಲ್ ಮತ್ತು ಮೆಟೊಪ್ರೊಲಾಲ್ ಸಕ್ಸಿನೇಟ್. ರೋಗಿಗೆ ಅಸ್ತಮಾ ಇದ್ದರೆ ಕಾರ್ವೆಡಿಲಾಲ್ ಸಲ್ಲದು. ಸಿಒಪಿಡಿ ಮಾತ್ರ ಇದ್ದರೆ ಬೈಸೊಪ್ರೊಲಾಲ್ ಅಥವಾ ಮೆಟೊಪ್ರೊಲಾಲ್ ಸಕ್ಸಿನೇಟ್ ಉತ್ತಮ ಆಯ್ಕೆ, ಏಕೆಂದರೆ ಅವು ಬೀಟಾ-1ರ ಕಡೆಗೇ ಹೆಚ್ಚು ವಾಲುತ್ತವೆ. ಆ ಒಲವು ಪೂರ್ಣವಾದುದಲ್ಲ. ಪ್ರಮಾಣ ಏರಿದಂತೆ ಬೀಟಾ-2ಕ್ಕೂ ತಟ್ಟುತ್ತದೆ.

‘ದಮ್ಮಿನ ರೋಗಿಗೆ ಬೀಟಾ ಬ್ಲಾಕರ್ ಕೊಡಲೇಬಾರದು’ ಎಂಬ ಹಳೆಯ ಪಾಠವನ್ನು ಸಿಒಪಿಡಿಯ ಮಟ್ಟಿಗೆ ತಿದ್ದಿಕೊಳ್ಳಬೇಕು. ಹೃದಯಾಘಾತವೋ ಹೃದಯ ವೈಫಲ್ಯವೋ ಆಗಿರುವ ಸಿಒಪಿಡಿ ರೋಗಿಗೆ ಬೀಟಾ-1 ಆಯ್ದ ಔಷಧವನ್ನು ಹೆದರಿಕೆಯಿಂದ ನಿಲ್ಲಿಸಿಬಿಟ್ಟರೆ ಆತನ ಹೃದಯಕ್ಕೆ ಸಿಗಬೇಕಾದ ರಕ್ಷಣೆಯೇ ತಪ್ಪಿಹೋಗುತ್ತದೆ. ಹಾಗೆಂದು ಹೃದಯದ ಕಾರಣವೇ ಇಲ್ಲದವರಿಗೆ ಇದನ್ನು ಕೊಡುವುದೂ ಸರಿಯಲ್ಲ: ಅಂಥ ಸಿಒಪಿಡಿ ರೋಗಿಗಳಿಗೆ ಮೆಟೊಪ್ರೊಲಾಲ್ ಕೊಟ್ಟು ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಉಲ್ಬಣಗಳು ಕಡಿಮೆಯಾಗಲಿಲ್ಲ, ಆಸ್ಪತ್ರೆ ಸೇರಬೇಕಾದ ತೀವ್ರ ಉಲ್ಬಣಗಳು ಹೆಚ್ಚಾದವು.

ಮೆಟೊಪ್ರೊಲಾಲ್‌ನಲ್ಲಿಯೇ ಎರಡು ಲವಣಗಳಿವೆ ಎಂಬುದನ್ನು ಟ್ರಾಲಿಯ ಬಳಿ ನಿಂತಾಗ ಮರೆಯಬಾರದು. ಟಾರ್ಟ್ರೇಟ್ ಸಾಧಾರಣವಾಗಿ ದಿನಕ್ಕೆ ಎರಡು ಬಾರಿ ಕೊಡುವಂಥದು; ಸಕ್ಸಿನೇಟ್ ನಿಧಾನವಾಗಿ ಬಿಡುಗಡೆಯಾಗುವ, ದಿನಕ್ಕೊಮ್ಮೆಯ ಮಾತ್ರೆ. ಸಕ್ಸಿನೇಟ್ ಮಾತ್ರೆಯಲ್ಲಿ ಗೆರೆಯಿದ್ದರೆ ಆ ಗೆರೆಯಲ್ಲಿ ಅರ್ಧ ಮಾಡಬಹುದು, ಆದರೆ ಕುಟ್ಟಿ ಪುಡಿ ಮಾಡಿ ಮೂಗಿನಿಂದ ಹೊಟ್ಟೆಗೆ ಹೋಗುವ ರೈಲ್ಸ್ ಟ್ಯೂಬಿನಲ್ಲಿ ಹಾಕಬಾರದು; ದಿನವಿಡೀ ಬಿಡುಗಡೆಯಾಗಬೇಕಾದದ್ದು ಒಮ್ಮೆಗೇ ಇಳಿದು ನಾಡಿಯೂ ಬಿಪಿಯೂ ಕುಸಿಯಬಹುದು. ಟ್ಯೂಬಿರುವ ರೋಗಿಗೆ ಸಕ್ಸಿನೇಟ್ ಬರೆದಿದ್ದರೆ ಬದಲಿ ಕೇಳಬೇಕು. ಕಾರ್ವೆಡಿಲಾಲನ್ನು ಊಟದ ಜೊತೆ ಕೊಡುವುದು ಎದ್ದು ನಿಂತಾಗ ಬರುವ ತಲೆಸುತ್ತನ್ನು ಕಡಿಮೆ ಮಾಡುತ್ತದೆ.

ಯಾವುದನ್ನೇ ಕೊಡಲಿ, ಮೊದಲು ನಾಡಿ ಮತ್ತು ಬಿಪಿ ನೋಡಬೇಕು. ನಾಡಿ 60ಕ್ಕಿಂತ ಕಡಿಮೆ ಅಥವಾ ಮೇಲಿನ ಬಿಪಿ 100ಕ್ಕಿಂತ ಕಡಿಮೆ ಇದ್ದರೆ ಕೊಡುವುದನ್ನು ತಡೆದು ವೈದ್ಯರನ್ನು ಕೇಳುವುದು ವಾಡಿಕೆ. ಹೃದಯ ವೈಫಲ್ಯದವರಲ್ಲಿ ಇದಕ್ಕಿಂತ ಕಡಿಮೆಯ ಮಿತಿಯನ್ನು ವೈದ್ಯರೇ ಬರೆದಿರುವುದುಂಟು. ತಡೆಯುವುದೆಂದರೆ ಆ ಹೊತ್ತಿನ ಪ್ರಮಾಣವನ್ನು ತಡೆಯುವುದಷ್ಟೇ. ದಿನಗಟ್ಟಲೆ ತೆಗೆದುಕೊಂಡದ್ದನ್ನು ಥಟ್ಟನೆ ನಿಲ್ಲಿಸಿದರೆ ಎದೆನೋವು, ನಾಡಿಯ ಓಟ ಮರುಕಳಿಸುತ್ತವೆ. ಮಧುಮೇಹಿಗಳಲ್ಲಿ ಇನ್ನೊಂದು ಎಚ್ಚರ ಬೇಕು: ಸಕ್ಕರೆ ಕುಸಿದಾಗ ಬರುವ ಎದೆಬಡಿತ, ನಡುಕಗಳನ್ನು ಈ ಔಷಧಗಳು ಮರೆಮಾಡುತ್ತವೆ, ಬೆವರು ಮಾತ್ರ ಉಳಿಯುತ್ತದೆ.

ಈ ಗುಂಪಿನ ಬಗ್ಗೆ ಹೇಳುವಾಗ ಬಹಳ ಜನ ಬಿಟ್ಟುಬಿಡುವ ಸಂಗತಿಯೊಂದಿದೆ. ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಕಣ್ಣಿನ ಹನಿಯೂ ಬೀಟಾ-1, ಬೀಟಾ-2 ಎರಡನ್ನೂ ತಡೆಯುವ ಔಷಧವೇ. ಕಣ್ಣಿನ ಹನಿ ಮೂಗಿನೊಳಗೆ ಇಳಿದು ಅಲ್ಲಿಂದ ನೇರವಾಗಿ ರಕ್ತಕ್ಕೆ ಸೇರುವುದರಿಂದ ಅಸ್ತಮಾ ರೋಗಿಯಲ್ಲಿ ಉಬ್ಬಸ ತರಬಲ್ಲದು, ನಾಡಿಯನ್ನೂ ಇಳಿಸಬಲ್ಲದು. ದಾಖಲಾತಿಯ ಸಮಯದಲ್ಲಿ ‘ಏನು ಮಾತ್ರೆ ತಗೋತೀರಾ’ ಎಂದಷ್ಟೇ ಕೇಳಿದರೆ ಇದು ಹೊರಬರುವುದಿಲ್ಲ. ‘ಅಜ್ಜಿ, ಕಣ್ಣಿಗೆ ಏನಾದರೂ ಡ್ರಾಪ್ಸ್ ಹಾಕ್ಕೋತೀರಾ?’ ಎಂದೇ ಕೇಳಬೇಕು.

ಎಸಿಇ ಇನ್ಹಿಬಿಟರ್ ಮತ್ತು ಎಆರ್‌ಬಿ: ಕೆಮ್ಮಿನ ಲೆಕ್ಕ

ಎಸಿಇ ಇನ್ಹಿಬಿಟರ್‌ಗಳಾದ ಎನಲಾಪ್ರಿಲ್, ರಾಮಿಪ್ರಿಲ್ ಒಂದು ಕಡೆ. ಎಆರ್‌ಬಿಗಳಾದ ಟೆಲ್ಮಿಸಾರ್ಟನ್, ಲೊಸಾರ್ಟನ್ ಇನ್ನೊಂದು ಕಡೆ. ಬಿಪಿ ಇಳಿಸುವಲ್ಲಿ ಇವೆರಡರ ನಡುವೆ ದೊಡ್ಡ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಬ್ರಾಡಿಕೈನಿನ್ ಎಂಬ ವಸ್ತುವಿನಲ್ಲಿ. ಎಸಿಇ ಕಿಣ್ವವನ್ನು ತಡೆದರೆ ಈ ವಸ್ತು ಒಡೆಯದೆ ಉಳಿದು ಶ್ವಾಸನಾಳವನ್ನು ಕೆರಳಿಸುತ್ತದೆ. ಅದರಿಂದ ಒಣಕೆಮ್ಮು ಬರುತ್ತದೆ. ಎಆರ್‌ಬಿ ಕಿಣ್ವವನ್ನು ಮುಟ್ಟದೆ ಗ್ರಾಹಕವನ್ನು ಮುಚ್ಚುವುದರಿಂದ ಈ ತೊಂದರೆ ತೀರ ಕಡಿಮೆ. ರಾಮಿಪ್ರಿಲ್ ಮತ್ತು ಟೆಲ್ಮಿಸಾರ್ಟನ್‌ಗಳನ್ನು ನೇರವಾಗಿ ಹೋಲಿಸಿ 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಕೆಮ್ಮಿನ ಕಾರಣದಿಂದ ಔಷಧ ಬಿಟ್ಟವರು ರಾಮಿಪ್ರಿಲ್ ಗುಂಪಿನಲ್ಲಿ 4.2%, ಟೆಲ್ಮಿಸಾರ್ಟನ್ ಗುಂಪಿನಲ್ಲಿ 1.1%. ಎರಡನ್ನೂ ಕೂಡಿಸಿ ಕೊಟ್ಟಾಗ ಹೆಚ್ಚಿನ ಲಾಭ ಸಿಗದೆ ತೊಂದರೆಗಳು ಮಾತ್ರ ಹೆಚ್ಚಾದವು. ಹಾಗಾಗಿ ಚಾರ್ಟಿನಲ್ಲಿ ಎರಡೂ ಒಟ್ಟಿಗೆ ಕಂಡರೆ ಪ್ರಶ್ನಿಸಲೇಬೇಕು.

ಈ ಕೆಮ್ಮು ಎಸಿಇ ಔಷಧ ಶುರುವಾದ ವಾರದೊಳಗೇ ಬರಬಹುದು, ತಿಂಗಳುಗಳ ನಂತರವೂ ಬರಬಹುದು. ಪ್ರಮಾಣ ಇಳಿಸಿದರೆ ಹೋಗುವಂಥದಲ್ಲ. ಮಹಿಳೆಯರಲ್ಲಿ ಹೆಚ್ಚು. ಸಿಒಪಿಡಿ ಇರುವವರಲ್ಲಿ ಈ ಕೆಮ್ಮನ್ನು ರೋಗದ ಕೆಮ್ಮೆಂದೇ ತಿಳಿದು ಸಿರಪ್ಪಿನ ಮೇಲೆ ಸಿರಪ್ಪು, ಆಂಟಿಬಯೋಟಿಕ್ಕಿನ ಮೇಲೆ ಆಂಟಿಬಯೋಟಿಕ್ಕು ಕೊಡುತ್ತ ಹೋಗುವುದನ್ನು ತಡೆಯಬಲ್ಲವರು ಕೆಮ್ಮಿನ ಗುಣವನ್ನು ಸರಿಯಾಗಿ ಬರೆದಿಡುವ ನರ್ಸ್. ಗಂಟಲಲ್ಲಿ ಕೆರೆದಂತಾಗಿ ಬರುವ, ಕಫವಿಲ್ಲದ, ಮಾತಾಡುವಾಗ ಹೆಚ್ಚಾಗುವ ಕೆಮ್ಮು ಎಸಿಇ ಔಷಧದ ಕಡೆ ಬೆರಳು ತೋರಿಸುತ್ತದೆ. ಮಲಗಿದರೆ ಹೆಚ್ಚಾಗಿ, ಎದ್ದು ಕೂತರೆ ಕಡಿಮೆಯಾಗುವ, ನೊರೆ ಕಫದ ಕೆಮ್ಮು ಹೃದಯ ವೈಫಲ್ಯದ್ದು. ಎರಡು ವಾರ ದಾಟಿದ ಯಾವ ಕೆಮ್ಮೇ ಆದರೂ ನಮ್ಮ ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮದ ಪ್ರಕಾರ ಕಫ ಪರೀಕ್ಷೆಗೆ ಹೋಗಲೇಬೇಕು. ಮಾತ್ರೆಯ ಮೇಲೆ ಅನುಮಾನವಿದೆಯೆಂದು ಆ ಪರೀಕ್ಷೆಯನ್ನು ಬಿಡುವಂತಿಲ್ಲ. ಮಾತ್ರೆ ನಿಲ್ಲಿಸಿದ ಮೇಲೆ ಕೆಮ್ಮು ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರಗಳಲ್ಲಿ ಅಡಗುತ್ತದೆ, ಕೆಲವರಲ್ಲಿ ಇನ್ನೂ ತಡವಾಗುತ್ತದೆ ಎಂದು ರೋಗಿಗೆ ಮೊದಲೇ ಹೇಳಿದರೆ ಎರಡೇ ದಿನಕ್ಕೆ ‘ಹೊಸ ಮಾತ್ರೆಯೂ ಆಗಲಿಲ್ಲ’ ಎಂದು ಅವರು ಬಿಟ್ಟುಬಿಡುವುದಿಲ್ಲ.

ತುಟಿ, ನಾಲಿಗೆ, ಮುಖ ಊದಿಕೊಂಡರೆ ಅದು ಬೇರೆಯೇ ಪ್ರಸಂಗ. ಆಂಜಿಯೊಎಡಿಮಾ ಅಪರೂಪವಾದರೂ ಉಸಿರಿನ ದಾರಿಯನ್ನೇ ಮುಚ್ಚಬಲ್ಲದು. ಎಸಿಇ ಔಷಧ ತೆಗೆದುಕೊಳ್ಳುತ್ತಿದ್ದವರಿಗೆ ಸ್ಯಾಕುಬಿಟ್ರಿಲ್ ಇರುವ ಹೊಸ ಮಾತ್ರೆಗೆ ಬದಲಾಯಿಸುವಾಗ ನಡುವೆ 36 ಗಂಟೆಗಳ ಅಂತರ ಇರಬೇಕೆಂಬ ನಿಯಮವೂ ಇದೇ ಕಾರಣಕ್ಕೆ ಬಂದದ್ದು. ಪೊಟ್ಯಾಸಿಯಂ ಏರುವುದು, ಗರ್ಭಿಣಿಯರಿಗೆ ಸಲ್ಲದಿರುವುದು ಎರಡೂ ಗುಂಪುಗಳಿಗೆ ಸಮಾನ.

ಶ್ವಾಸನಾಳ ಹಿಗ್ಗಿಸುವವು, ಹೃದಯದ ಕಡೆಯಿಂದ ನೋಡಿದಾಗ

ಸಾಲ್ಬುಟಮಾಲ್ ಸುಮಾರು ಐದು ನಿಮಿಷದಲ್ಲಿ ಕೆಲಸ ಆರಂಭಿಸಿ ನಾಲ್ಕರಿಂದ ಆರು ಗಂಟೆ ಉಳಿಯುತ್ತದೆ. ನಾಡಿ ಓಡುವುದು, ಕೈ ನಡುಗುವುದು, ಪೊಟ್ಯಾಸಿಯಂ ಇಳಿಯುವುದು ಅದರ ಜೊತೆಗೇ ಬರುವ ಫಲಗಳು. ಲೆವೊಸಾಲ್ಬುಟಮಾಲ್ ಅದರದೇ ಸಕ್ರಿಯ ಅರ್ಧಭಾಗ. ಎದೆಬಡಿತ ಕಡಿಮೆ ಎಂಬ ಕಾರಣಕ್ಕೆ ಹೃದ್ರೋಗಿಗಳಿಗೆ ಅದನ್ನೇ ಬರೆಯುವುದು ನಮ್ಮಲ್ಲಿ ಬಹಳ ರೂಢಿ. ಆದರೆ ಸಮಾನ ಪ್ರಮಾಣದಲ್ಲಿ ಹೋಲಿಸಿದಾಗ ಕಂಡ ವ್ಯತ್ಯಾಸ ಅಲ್ಪ. ‘ಲೆವೊ’ ಎಂದಿದೆಯೆಂದು ನಾಡಿ ನೋಡದೆ ಕೊಡುವಷ್ಟು ನಿಶ್ಚಿಂತೆಗೆ ಅದು ಆಧಾರವಾಗದು.

ಇಪ್ರಾಟ್ರೋಪಿಯಂ ನಿಧಾನ, 15ರಿಂದ 30 ನಿಮಿಷ ಬೇಕು. ಹೃದಯದ ಮೇಲೆ ಅದರ ಪ್ರಭಾವ ಕಡಿಮೆ, ಸಿಒಪಿಡಿಯಲ್ಲಿ ಅದರ ಉಪಯೋಗ ಹೆಚ್ಚು. ಆದ್ದರಿಂದ ನಾಡಿ ಈಗಾಗಲೇ 120ರ ಮೇಲಿರುವ, ಹೃದಯದ ತಾಳ ತಪ್ಪಿರುವ ಸಿಒಪಿಡಿ ರೋಗಿಗೆ ಇಪ್ರಾಟ್ರೋಪಿಯಂಗೆ ಹೆಚ್ಚು ತೂಕ ಕೊಡಬಹುದೇ ಎಂದು ವೈದ್ಯರನ್ನು ಕೇಳುವುದು ಅರ್ಥಪೂರ್ಣ. ತೀವ್ರ ಅಸ್ತಮಾದಲ್ಲಿ ಮಾತ್ರ ಅದು ಸಾಲ್ಬುಟಮಾಲ್‌ನ ಬದಲಿಯಲ್ಲ, ಜೊತೆಗಾರ. ಅಲ್ಲಿ ನಾಡಿ ಓಡುತ್ತಿರುವುದಕ್ಕೆ ಉಸಿರು ಸಿಗದಿರುವುದೇ ಕಾರಣವಾಗಿರುತ್ತದೆ, ಶ್ವಾಸನಾಳ ತೆರೆದರೆ ನಾಡಿಯೂ ಇಳಿಯುತ್ತದೆ. ಇಪ್ರಾಟ್ರೋಪಿಯಂ ಕೊಡುವಾಗ ನೋಡಬೇಕಾದದ್ದು ಕಣ್ಣು ಮತ್ತು ಮೂತ್ರ. ಮಾಸ್ಕ್ ಸಡಿಲವಾಗಿದ್ದರೆ ಹಬೆ ಮೂಗಿನ ಪಕ್ಕದಿಂದ ಮೇಲಕ್ಕೆ ಸೋರಿ ಕಣ್ಣಿಗೆ ತಾಗುತ್ತದೆ. ಗ್ಲಾಕೋಮಾ ಇರುವವರಿಗೆ ಇದರಿಂದ ಕಣ್ಣಿನ ಒತ್ತಡ ಏರಿ ನೋವು, ದೃಷ್ಟಿ ಮಂಜಾಗುವುದು ಉಂಟಾಗಬಹುದು. ಅಂಥವರಿಗೆ ಬಾಯಲ್ಲಿ ಕಚ್ಚಿಕೊಳ್ಳುವ ಮೌತ್‌ಪೀಸ್ ಉತ್ತಮ. ಪ್ರಾಸ್ಟೇಟ್ ದೊಡ್ಡದಾಗಿರುವ ಅಜ್ಜಂದಿರಿಗೆ ಮೂತ್ರ ಕಟ್ಟಿಕೊಳ್ಳುವುದುಂಟು.

ದೀರ್ಘಕಾಲದವುಗಳಲ್ಲಿ ಫಾರ್ಮೊಟೆರಾಲ್ ಕೆಲವೇ ನಿಮಿಷಗಳಲ್ಲಿ ಆರಂಭವಾಗಿ ಸುಮಾರು 12 ಗಂಟೆ ಉಳಿಯುತ್ತದೆ, ಸಾಲ್ಮೆಟೆರಾಲ್ ಆರಂಭವಾಗುವುದೇ ತಡ. ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಇರುವ ಇನ್ಹೇಲರನ್ನು ಅಸ್ತಮಾದಲ್ಲಿ ತಕ್ಷಣದ ಉಪಶಮನಕ್ಕೂ ಬಳಸಬಹುದಾದದ್ದು ಇದೇ ಕಾರಣಕ್ಕೆ. ಸಾಲ್ಮೆಟೆರಾಲ್ ಇರುವುದನ್ನು ಹಾಗೆ ಬಳಸಲಾಗದು. ಅಸ್ತಮಾಕ್ಕೆ ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಳ್ಳುವುದನ್ನು 2019ರಿಂದ ಅಂತರರಾಷ್ಟ್ರೀಯ ಜೀನಾ ಮಾರ್ಗಸೂಚಿ ಒಪ್ಪುವುದಿಲ್ಲ. ಸ್ಟೀರಾಯ್ಡ್ ಇಲ್ಲದೆ ದೀರ್ಘಕಾಲದ ಬೀಟಾ-2 ಔಷಧ ಮಾತ್ರ ಅಸ್ತಮಾ ರೋಗಿಗೆ ಬರೆದಿದ್ದರೆ ಅದನ್ನೂ ವೈದ್ಯರ ಗಮನಕ್ಕೆ ತರಬೇಕು.

ಥಿಯೊಫಿಲಿನ್: ಅಗ್ಗದ ಮಾತ್ರೆ, ಕಿರಿದಾದ ದಾರಿ

ಡೆರಿಫಿಲಿನ್ ಹೆಸರಿನಲ್ಲಿ ಊರೂರಿನ ಮೆಡಿಕಲ್ ಶಾಪುಗಳಲ್ಲಿ ಸಿಗುವ ಎಟೋಫಿಲಿನ್ ಮತ್ತು ಥಿಯೊಫಿಲಿನ್ ಮಿಶ್ರಣವನ್ನು ಇನ್ಹೇಲರಿಗೆ ಪರ್ಯಾಯವೆಂದು ಭಾವಿಸುವವರು ಈಗಲೂ ಬಹಳ. ಹೃದಯದ ಕಡೆಯಿಂದ ನೋಡಿದರೆ ಈ ಹೋಲಿಕೆಯಲ್ಲಿ ಇನ್ಹೇಲರೇ ಗೆಲ್ಲಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಥಿಯೊಫಿಲಿನ್‌ನ ಉಪಯುಕ್ತ ಮಟ್ಟ ರಕ್ತದಲ್ಲಿ ಒಂದು ಮಿ.ಲೀ.ಗೆ 10ರಿಂದ 20 ಮೈಕ್ರೋಗ್ರಾಂ ಎಂದು ಹಿಂದಿನಿಂದ ಹೇಳುತ್ತ ಬಂದಿದ್ದಾರೆ, ಈಗ ಇನ್ನೂ ಕಡಿಮೆಯನ್ನೇ ಒಪ್ಪುತ್ತಾರೆ. ಆ ಮಟ್ಟ ದಾಟಿದರೆ ವಾಂತಿ, ಹೃದಯದ ತಾಳ ತಪ್ಪುವುದು, ಫಿಟ್ಸ್ ಬರುತ್ತವೆ. ವಾಂತಿಯೇ ಮೊದಲು ಬರಬೇಕೆಂದಿಲ್ಲ.

ಈ ಮಟ್ಟ ಏರುವುದಕ್ಕೆ ವಾರ್ಡೇ ಕಾರಣವಾಗುವ ಎರಡು ಸಂದರ್ಭಗಳಿವೆ. ಒಂದು, ಬೀಡಿ. ತಂಬಾಕಿನ ಹೊಗೆ ಯಕೃತ್ತಿನಲ್ಲಿ ಥಿಯೊಫಿಲಿನ್ ಕರಗಿಸುವ ಕಿಣ್ವವನ್ನು ಚುರುಕುಗೊಳಿಸುವುದರಿಂದ ಬೀಡಿ ಸೇದುವವರಿಗೆ ಹೆಚ್ಚು ಪ್ರಮಾಣ ಬೇಕಾಗಿರುತ್ತದೆ. ದಾಖಲಾದ ದಿನ ಬೀಡಿ ನಿಂತುಹೋಗುತ್ತದೆ, ಮಾತ್ರೆ ಅಷ್ಟೇ ಇರುತ್ತದೆ. ಕೆಲವು ದಿನಗಳಲ್ಲಿ ಮಟ್ಟ ಏರುತ್ತದೆ. ಎರಡು, ಸಿಪ್ರೊಫ್ಲಾಕ್ಸಾಸಿನ್. ಎದೆಯ ಸೋಂಕಿಗೋ ಮೂತ್ರದ ಸೋಂಕಿಗೋ ಅದನ್ನು ಆರಂಭಿಸಿದರೆ ಅದೇ ಕಿಣ್ವ ತಡೆಯಾಗುತ್ತದೆ. ಎರಿತ್ರೊಮೈಸಿನ್, ಕ್ಲಾರಿತ್ರೊಮೈಸಿನ್‌ಗಳೂ ಮಟ್ಟ ಏರಿಸುತ್ತವೆ. ಅಜಿತ್ರೊಮೈಸಿನ್‌ನಿಂದ ಈ ತೊಂದರೆ ಅಷ್ಟಾಗಿ ಇಲ್ಲ. ಹೃದಯ ವೈಫಲ್ಯವಿದ್ದರೆ ಯಕೃತ್ತಿನ ರಕ್ತಸಂಚಾರವೇ ಕುಗ್ಗಿ ಔಷಧ ದೇಹದಲ್ಲಿ ಇನ್ನಷ್ಟು ಹೊತ್ತು ಉಳಿಯುತ್ತದೆ. ಮೂರೂ ಒಬ್ಬರಲ್ಲೇ ಸೇರಿದರೆ, ಮೂರನೇ ದಿನ ‘ರಾತ್ರಿಯೆಲ್ಲ ನಿದ್ದೆ ಬರಲಿಲ್ಲ ಸಿಸ್ಟರ್, ಎದೆ ಹಾರ್ತಿತ್ತು, ವಾಂತಿ ಬಂದಹಾಗೆ ಆಗ್ತಿತ್ತು’ ಎಂದು ಅಜ್ಜ ಹೇಳಿದಾಗ ಅದನ್ನು ಆತಂಕವೆಂದು ಬರೆದು ಮುಂದಿನ ಮಾತ್ರೆ ಕೊಡಬಾರದು. ಮಾತ್ರೆ ತಡೆದು ಇಸಿಜಿ ತೆಗೆದು ವೈದ್ಯರನ್ನು ಕರೆಯಬೇಕು. ಅಮಿನೊಫಿಲಿನನ್ನು ರಕ್ತನಾಳಕ್ಕೆ ಕೊಡುವುದಿದ್ದರೆ ಎಂದೂ ವೇಗವಾಗಿ ಕೊಡಬಾರದು. ಪ್ರಾರಂಭದ ಪ್ರಮಾಣಕ್ಕೆ 20ರಿಂದ 30 ನಿಮಿಷ ಬೇಕು.

ಪೊಟ್ಯಾಸಿಯಂ: ನಾಲ್ಕು ಔಷಧಗಳು ಕೂಡುವ ಜಾಗ

ನೀರಿನ ಮಾತ್ರೆಯಾದ ಫ್ರುಸೆಮೈಡ್ ಮೂತ್ರದಲ್ಲಿ ಪೊಟ್ಯಾಸಿಯಂ ಕಳೆಯುತ್ತದೆ. ಸಾಲ್ಬುಟಮಾಲ್ ಅದನ್ನು ರಕ್ತದಿಂದ ಜೀವಕೋಶಗಳೊಳಗೆ ತಳ್ಳುತ್ತದೆ; ಪೊಟ್ಯಾಸಿಯಂ ಅತಿಯಾದಾಗ 10ರಿಂದ 20 ಮಿ.ಗ್ರಾಂ ಸಾಲ್ಬುಟಮಾಲನ್ನು ನೆಬುಲೈಸ್ ಮಾಡುವ ಚಿಕಿತ್ಸೆ ನಿಂತಿರುವುದೂ ಈ ಗುಣದ ಮೇಲೆಯೇ. ಹೈಡ್ರೊಕಾರ್ಟಿಸೋನ್‌ನಂಥ ಸ್ಟೀರಾಯ್ಡ್ ಇನ್ನಷ್ಟು ಕಳೆಯುತ್ತದೆ, ಥಿಯೊಫಿಲಿನ್ ಕೂಡ ತನ್ನ ಪಾಲು ಸೇರಿಸುತ್ತದೆ. ಒಂದೊಂದನ್ನೇ ನೋಡಿದರೆ ನಾಲ್ಕೂ ಸರಿಯಾದ ಆದೇಶಗಳೇ. ಆದರೆ ಅದೇ ರೋಗಿ ಹೃದಯದ ಬಡಿತವನ್ನು ಬಲಗೊಳಿಸಿ ನಿಧಾನಗೊಳಿಸುವ ಡಿಗಾಕ್ಸಿನ್ ತೆಗೆದುಕೊಳ್ಳುತ್ತಿದ್ದರೆ, ಪೊಟ್ಯಾಸಿಯಂ ಇಳಿದಂತೆ ಡಿಗಾಕ್ಸಿನ್ ಹೃದಯದ ಸ್ನಾಯುವನ್ನು ಹೆಚ್ಚು ಬಲವಾಗಿ ಹಿಡಿಯುತ್ತದೆ. ನಿನ್ನೆಯವರೆಗೆ ಸರಿಯಾಗಿದ್ದ ಪ್ರಮಾಣವೇ ಇಂದು ವಿಷವಾಗಬಹುದು. ರಕ್ತದಲ್ಲಿ ಡಿಗಾಕ್ಸಿನ್ ಮಟ್ಟ ಮಿತಿಯೊಳಗಿದೆಯೆಂಬ ವರದಿಯೂ ಆಗ ಪೂರ್ತಿ ಭರವಸೆ ಕೊಡುವುದಿಲ್ಲ. ಊಟ ಸೇರದಿರುವುದು, ಓಕರಿಕೆ, ದೀಪದ ಸುತ್ತ ಹಳದಿ ಹಸಿರು ಛಾಯೆ ಕಾಣುವುದು, ನಾಡಿ ನಿಧಾನವಾಗುವುದು ಇದರ ಚಿಹ್ನೆಗಳು. ಡಿಗಾಕ್ಸಿನ್‌ಗೆ ಮಣಿಕಟ್ಟಿನ ನಾಡಿಯನ್ನು ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುವುದು ಸಾಲದು. ಸ್ಟೆತಸ್ಕೋಪ್ ಎದೆಯ ಮೇಲಿಟ್ಟು ಪೂರ್ತಿ ಒಂದು ನಿಮಿಷ ಎಣಿಸಬೇಕು, ಏಕೆಂದರೆ ತಾಳ ತಪ್ಪಿದ ಹೃದಯದ ಎಷ್ಟೋ ಬಡಿತಗಳು ಮಣಿಕಟ್ಟನ್ನು ತಲುಪುವುದೇ ಇಲ್ಲ. ರಕ್ತದ ಮಾದರಿಯನ್ನು ಮಾತ್ರೆ ಕೊಟ್ಟು ಕನಿಷ್ಠ ಆರು ಗಂಟೆಯಾದ ಮೇಲೆ ತೆಗೆಯಬೇಕು.

ಡಯುರೆಟಿಕ್‌ಗಳ (ನೀರಿನ ಮಾತ್ರೆಗಳ) ನಡುವಿನ ಆಯ್ಕೆಯೂ ಇಲ್ಲಿಯೇ ಬರುತ್ತದೆ. ಫ್ರುಸೆಮೈಡ್ ಬಾಯಿಯ ಮೂಲಕ ಕೊಟ್ಟಾಗ ಎಷ್ಟು ಹೀರಲ್ಪಡುತ್ತದೆ ಎಂಬುದು ರೋಗಿಯಿಂದ ರೋಗಿಗೆ ಬಹಳ ಬದಲಾಗುತ್ತದೆ, ಸರಾಸರಿ ಅರ್ಧದಷ್ಟು. ಟಾರ್ಸೆಮೈಡ್ 80%ಕ್ಕಿಂತ ಹೆಚ್ಚು. ಹಾಗಿದ್ದರೂ 2023ರಲ್ಲಿ ಪ್ರಕಟವಾದ ದೊಡ್ಡ ಹೋಲಿಕೆಯೊಂದರಲ್ಲಿ ಹೃದಯ ವೈಫಲ್ಯದ ರೋಗಿಗಳ ಸಾವಿನ ಪ್ರಮಾಣದಲ್ಲಿ ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ. ಪೊಟ್ಯಾಸಿಯಂ ಉಳಿಸುವ ಸ್ಪೈರೊನೊಲ್ಯಾಕ್ಟೋನ್ ಸೇರಿಸಿದರೆ ಇಳಿತದ ಭಯ ಕಡಿಮೆಯಾಗುತ್ತದೆ, ಆದರೆ ಅದರ ಜೊತೆ ಎನಲಾಪ್ರಿಲ್ ಅಥವಾ ಟೆಲ್ಮಿಸಾರ್ಟನ್ ಇದ್ದು ಮೂತ್ರಪಿಂಡವೂ ಕುಗ್ಗಿದ್ದರೆ ಪೊಟ್ಯಾಸಿಯಂ ಮೇಲಕ್ಕೆ ಓಡುತ್ತದೆ. ಇಂಥವರಿಗೆ ಎಳನೀರು ಒಳ್ಳೆಯದೆಂದು ಮನೆಯವರು ದಿನವೂ ತಂದು ಕುಡಿಸುವುದನ್ನು ವಿಚಾರಿಸಬೇಕು. ಎಳನೀರಿನಲ್ಲಿ ಪೊಟ್ಯಾಸಿಯಂ ಸಾಕಷ್ಟಿದೆ. ಪೊಟ್ಯಾಸಿಯಂ ಕ್ಲೋರೈಡ್ ಇಂಜೆಕ್ಷನನ್ನು ಎಂಥ ತುರ್ತಿನಲ್ಲಿಯೂ ಸಿರಿಂಜಿನಿಂದ ನೇರವಾಗಿ ರಕ್ತನಾಳಕ್ಕೆ ಕೊಡಬಾರದು. ಹೃದಯ ಅಲ್ಲಿಯೇ ನಿಂತುಹೋಗುತ್ತದೆ.

ಹೃದಯ ಓಡತೊಡಗಿದಾಗ: ಅಡೆನೊಸಿನ್, ವೆರಾಪಮಿಲ್, ಅಮಿಯೊಡರೋನ್

ಎಸ್‌ವಿಟಿ (ಹೃದಯದ ಮೇಲಿನ ಕೋಣೆಗಳ ಕಡೆಯಿಂದ ಹುಟ್ಟುವ ಅತಿವೇಗದ ಬಡಿತ) ಬಂದ, ಬಿಪಿ ಸ್ಥಿರವಾಗಿರುವ ರೋಗಿಗೆ ಔಷಧಕ್ಕೂ ಮುನ್ನ ಸುಧಾರಿತ ವಲ್ಸಾಲ್ವಾ ವಿಧಾನ ಮಾಡಿಸಿ ನೋಡುವುದು ಒಳ್ಳೆಯದು. 15 ಸೆಕೆಂಡು ಉಸಿರು ಬಿಗಿಹಿಡಿದು ಊದಿಸಿ, ಕೂಡಲೇ ಅಂಗಾತ ಮಲಗಿಸಿ ಕಾಲುಗಳನ್ನು 45 ಡಿಗ್ರಿಯಷ್ಟು 15 ಸೆಕೆಂಡು ಎತ್ತಿಹಿಡಿಯುವ ಈ ಕ್ರಮದಿಂದ 43% ಜನರಲ್ಲಿ, ಸಾಮಾನ್ಯ ವಲ್ಸಾಲ್ವಾದಿಂದ 17% ಜನರಲ್ಲಿ ತಾಳ ಮರಳಿತೆಂದು 2015ರ ಅಧ್ಯಯನ ತೋರಿಸಿತು. ಅದಾಗದಿದ್ದರೆ ಅಡೆನೊಸಿನ್ 6 ಮಿ.ಗ್ರಾಂ, ಮೊಣಕೈ ಬಳಿಯ ದೊಡ್ಡ ರಕ್ತನಾಳದಲ್ಲಿ, ಕ್ಷಣಮಾತ್ರದಲ್ಲಿ, ಬೆನ್ನಿಗೇ 20 ಮಿ.ಲೀ. ಸಲೈನ್ ತಳ್ಳಿ ಕೊಡಬೇಕು, ಏಕೆಂದರೆ ಅದರ ಅರ್ಧಾಯುಷ್ಯ ಹತ್ತು ಸೆಕೆಂಡಿಗೂ ಕಡಿಮೆ. ಎದೆ ಅದುಮಿದಂತಾಗಿ ಜೀವ ಹೋದಂತೆ ಅನ್ನಿಸುತ್ತದೆ, ಕೆಲವೇ ಕ್ಷಣದಲ್ಲಿ ಸರಿಹೋಗುತ್ತದೆ ಎಂದು ರೋಗಿಗೆ ಮೊದಲೇ ಹೇಳದೆ ಕೊಡುವುದು ಕ್ರೂರ.

ಅಡೆನೊಸಿನ್ ಶ್ವಾಸನಾಳವನ್ನು ಬಿಗಿಸುತ್ತದೆ. ಅಸ್ತಮಾ ಇದ್ದರೆ ಅದು ಸಲ್ಲದು. ವೆರಾಪಮಿಲ್ ನಿಧಾನವಾಗಿ ಕೊಡುವುದು ಅಲ್ಲಿನ ಆಯ್ಕೆ. ಇದಲ್ಲದೆ ಥಿಯೊಫಿಲಿನ್ ಅಡೆನೊಸಿನ್‌ನ ಗ್ರಾಹಕವನ್ನೇ ಮುಚ್ಚುವುದರಿಂದ ಡೆರಿಫಿಲಿನ್ ತೆಗೆದುಕೊಂಡಿರುವ ರೋಗಿಗೆ ಅದು ಫಲಿಸದೆಯೂ ಹೋಗಬಹುದು. ವೆರಾಪಮಿಲ್‌ಗೆ ತನ್ನದೇ ನಿಷೇಧಗಳಿವೆ: ಹೃದಯದ ಪಂಪಿಂಗ್ ದುರ್ಬಲವಾಗಿದ್ದರೆ ಕೊಡಬಾರದು, ಬೀಟಾ ಬ್ಲಾಕರ್ ತೆಗೆದುಕೊಂಡವರಿಗೆ ಇಂಜೆಕ್ಷನ್ ಆಗಿ ಕೊಟ್ಟರೆ ಹೃದಯ ನಿಲ್ಲಬಹುದು, ಡಿಗಾಕ್ಸಿನ್ ಮಟ್ಟವನ್ನೂ ಅದು ಏರಿಸುತ್ತದೆ. ಹಾಗಾಗಿ ‘ದಮ್ಮಿದೆಯೇ, ಯಾವ ಮಾತ್ರೆ ನಡೆಯುತ್ತಿದೆ’ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆಯೇ ಸಿರಿಂಜ್ ಕೈಗೆತ್ತಿಕೊಳ್ಳಬೇಕು.

ಅಮಿಯೊಡರೋನ್ ತಕ್ಷಣ ಉಬ್ಬಸ ತರುವ ಔಷಧವಲ್ಲ. ಆದರೆ ತಿಂಗಳು, ವರ್ಷಗಟ್ಟಲೆ ತೆಗೆದುಕೊಂಡವರ ಶ್ವಾಸಕೋಶವನ್ನೇ ಗಟ್ಟಿಯಾಗಿಸಬಲ್ಲದು. ಅಂಥವರು ಒಣಕೆಮ್ಮು, ಹೆಚ್ಚುತ್ತಿರುವ ಏದುಸಿರು ಎಂದಾಗ ಹೃದಯ ವೈಫಲ್ಯ ಹೆಚ್ಚಾಯಿತೆಂದು ನೀರಿನ ಮಾತ್ರೆ ಏರಿಸುವ ಮುನ್ನ ಎಕ್ಸ್‌ರೇ ಬೇಕು. ದೇಹದಿಂದ ಹೊರಹೋಗಲು ವಾರಗಳು, ತಿಂಗಳುಗಳೇ ಬೇಕಾಗುವುದರಿಂದ ಮಾತ್ರೆ ಬಿಟ್ಟು ಬಹಳ ದಿನವಾಯಿತೆಂಬ ಮಾತೂ ಅದನ್ನು ಅನುಮಾನದಿಂದ ಬಿಡುಗಡೆ ಮಾಡುವುದಿಲ್ಲ. ಡ್ರಿಪ್ ಮಾಡುವಾಗ 5% ಡೆಕ್ಸ್‌ಟ್ರೋಸ್‌ನಲ್ಲಿಯೇ ಬೆರೆಸಬೇಕು.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳು ಮತ್ತು ಏದುಸಿರು

ಹೃದಯಾಘಾತವಾದವರಿಗೆ ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲಾರ್ ಬರುತ್ತದೆ. ವಯಸ್ಕ ಅಸ್ತಮಾ ರೋಗಿಗಳಲ್ಲಿ ಸುಮಾರು 7% ಜನರಿಗೆ ಆಸ್ಪಿರಿನ್ ಮತ್ತು ಅದೇ ಬಗೆಯ ನೋವಿನ ಮಾತ್ರೆಗಳು ಉಬ್ಬಸ ಕೆರಳಿಸುತ್ತವೆ. ಮೂಗಿನಲ್ಲಿ ಪಾಲಿಪ್ ಇರುವುದು, ಹಿಂದೊಮ್ಮೆ ನೋವಿನ ಮಾತ್ರೆ ನುಂಗಿ ಒಂದೆರಡು ಗಂಟೆಯೊಳಗೆ ಮೂಗು ಸೋರಿ ಎದೆ ಕಟ್ಟಿದ್ದು ಇದರ ಸುಳಿವು. ಅಸ್ತಮಾ ಇದೆಯೆಂಬ ಒಂದೇ ಕಾರಣಕ್ಕೆ ಹೃದಯಾಘಾತದ ರೋಗಿಗೆ ಆಸ್ಪಿರಿನ್ ತಪ್ಪಿಸುವುದು ಸರಿಯಲ್ಲ. ಈ ಸುಳಿವು ಸಿಕ್ಕರೆ ಮಾತ್ರ ತಡೆದು ಕೇಳಬೇಕು. ಟಿಕಾಗ್ರೆಲಾರ್ ತೆಗೆದುಕೊಂಡವರಲ್ಲಿ ಏದುಸಿರು 13.8%, ಕ್ಲೊಪಿಡೊಗ್ರೆಲ್‌ನವರಲ್ಲಿ 7.8% ಎಂದು 2009ರ ದೊಡ್ಡ ಅಧ್ಯಯನದಲ್ಲಿ ದಾಖಲಾಗಿದೆ. ಶ್ವಾಸಕೋಶ ಸ್ವಚ್ಛವಾಗಿದ್ದು, ಆಮ್ಲಜನಕದ ಮಟ್ಟವೂ ಸರಿಯಿದ್ದು, ಕೂತಲ್ಲಿಯೇ ‘ಉಸಿರು ತುಂಬ್ತಿಲ್ಲ’ ಎನ್ನುವ ಬಗೆ ಇದರದು. ಬಹುತೇಕ ಸಲ ತಾನಾಗಿ ಕಡಿಮೆಯಾಗುತ್ತದೆ. ಸ್ಟೆಂಟ್ ಹಾಕಿಸಿಕೊಂಡವರು ಮನೆಯಲ್ಲಿ ಹೆದರಿ ಮಾತ್ರೆಯನ್ನೇ ಬಿಟ್ಟರೆ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ, ಡಿಸ್ಚಾರ್ಜ್ ದಿನವೇ ‘ಹೀಗಾದರೆ ಬಿಡಬೇಡಿ, ಬಂದು ತೋರಿಸಿ’ ಎಂದು ಹೇಳಿ ಕಳಿಸಬೇಕು.

ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ (ಎದೆನೋವಿಗೆ ಕೊಡುವ ನೈಟ್ರೇಟ್ ಮಾತ್ರೆ) ಕೊಡುವ ಮುನ್ನ ಸಿಲ್ಡೆನಾಫಿಲ್ ಬಗ್ಗೆ ಕೇಳುವುದನ್ನು ಗಂಡಸರಿಗಷ್ಟೇ ಸೀಮಿತಗೊಳಿಸುತ್ತಾರೆ. ಶ್ವಾಸಕೋಶದ ರಕ್ತನಾಳಗಳ ಒತ್ತಡಕ್ಕೂ ಅದೇ ಔಷಧವನ್ನು ಹೆಂಗಸರಿಗೂ ಬರೆಯುತ್ತಾರೆ. ಎರಡೂ ಸೇರಿದರೆ ಬಿಪಿ ಪಾತಾಳಕ್ಕೆ ಇಳಿಯುವುದರಿಂದ ಸಿಲ್ಡೆನಾಫಿಲ್ ಆದ 24 ಗಂಟೆ, ಟಡಲಾಫಿಲ್ ಆದ 48 ಗಂಟೆ ನೈಟ್ರೇಟ್ ಕೊಡಬಾರದು.

ಸ್ಪೇಸರ್, ರೋಟಾಹೇಲರ್, ನೆಬುಲೈಸರ್

ಸ್ಪೇಸರ್ (ಔಷಧದ ಮಂಜನ್ನು ಹಿಡಿದಿಡುವ ಕೊಳವೆ) ಜೋಡಿಸಿದ ಇನ್ಹೇಲರ್ ಪಂಪು ಸೌಮ್ಯದಿಂದ ಮಧ್ಯಮ ತೀವ್ರತೆಯ ದಾಳಿಯಲ್ಲಿ ನೆಬುಲೈಸರಿನಷ್ಟೇ ಕೆಲಸ ಮಾಡುತ್ತದೆ, ನಾಡಿಯನ್ನು ಅದಕ್ಕಿಂತ ಕಡಿಮೆ ಓಡಿಸುತ್ತದೆ. ಹೃದ್ರೋಗಿಗೆ ನಾನು ಮೊದಲು ಕೇಳುವುದು ಇದನ್ನೇ. ಕ್ಯಾಪ್ಸೂಲಿನ ಪುಡಿಯನ್ನು ಉಸಿರಿನಲ್ಲಿ ಎಳೆದುಕೊಳ್ಳುವ ರೋಟಾಹೇಲರಿಗೆ ರಭಸದಿಂದ ಎಳೆಯುವ ಶಕ್ತಿ ಬೇಕು, ದಮ್ಮು ಹೆಚ್ಚಾದಾಗ ಅದೇ ಇರುವುದಿಲ್ಲ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಕ್ಯಾಪ್ಸೂಲುಗಳನ್ನು ಮುಚ್ಚಳ ಬಿಗಿಯದೆ ಇಟ್ಟರೆ ಪುಡಿ ತೇವ ಹೀರಿ ಗಂಟಾಗುತ್ತದೆ. ಆ ಕ್ಯಾಪ್ಸೂಲನ್ನು ನೀರಿನೊಡನೆ ನುಂಗಿಬಿಡುವವರೂ ಇದ್ದಾರೆ. ಆದ್ದರಿಂದ ಬಾಯಿಮಾತಿನಲ್ಲಿ ಹೇಳಿ ಬಿಡದೆ ಒಮ್ಮೆ ನಮ್ಮೆದುರೇ ಮಾಡಿಸಿ ನೋಡಬೇಕು. ಪಂಪನ್ನು ನಿಧಾನವಾಗಿ ಎಳೆದು ಹತ್ತು ಸೆಕೆಂಡು ಹಿಡಿಯಬೇಕು. ಸ್ಟೀರಾಯ್ಡ್ ಇದ್ದರೆ ಬಾಯಿ ಮುಕ್ಕಳಿಸಿ ಉಗುಳಬೇಕು.

ನೆಬುಲೈಸರಿನಲ್ಲಿ ಯಾವ ಗಾಳಿ ಎಂಬುದೂ ಒಂದು ಆಯ್ಕೆ. ತೀವ್ರ ಅಸ್ತಮಾಕ್ಕೆ ನಿಮಿಷಕ್ಕೆ 6ರಿಂದ 8 ಲೀಟರ್ ಆಮ್ಲಜನಕದಿಂದ ನಡೆಸಬೇಕು. ಇಂಗಾಲದ ಡೈಆಕ್ಸೈಡ್ ಕಟ್ಟಿಕೊಳ್ಳುವ ಸಿಒಪಿಡಿ ರೋಗಿಗೆ ಸಾದಾ ಗಾಳಿಯ ಯಂತ್ರದಿಂದ ನಡೆಸಿ, ಬೇಕಿದ್ದಷ್ಟು ಆಮ್ಲಜನಕವನ್ನು ಮೂಗಿನ ನಳಿಕೆಯಲ್ಲಿ ಕೊಡಬೇಕು. ಅವರಲ್ಲಿ ಗುರಿ 88ರಿಂದ 92%. ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ ಆ್ಯಂಬುಲೆನ್ಸಿನಲ್ಲಿಯೇ ಈ ಗುರಿಗೆ ಕಟ್ಟುಬಿದ್ದು ಆಮ್ಲಜನಕ ಕೊಟ್ಟಾಗ, ಧಾರಾಳವಾಗಿ ಕೊಟ್ಟವರಿಗಿಂತ ಸಾವು ಬಹಳ ಕಡಿಮೆಯಾದದ್ದು 2010ರಲ್ಲಿ ಪ್ರಕಟವಾಯಿತು. ಹೃದಯಾಘಾತದ ರೋಗಿಗೂ ಮಟ್ಟ 90%ಕ್ಕಿಂತ ಕೆಳಗಿಳಿಯದಿದ್ದರೆ ಆಮ್ಲಜನಕ ಬೇಕಾಗಿಲ್ಲ. ರೋಗಿ ಏದುತ್ತಿರುವುದನ್ನು ನೋಡಿ ಬಂಧುಗಳು ‘ಗ್ಯಾಸ್ ಜಾಸ್ತಿ ಮಾಡಿ ಸಿಸ್ಟರ್’ ಎಂದು ಬೇಡಿಕೊಂಡಾಗ ಫ್ಲೋಮೀಟರಿನ ಗುಂಡಿ ತಿರುಗಿಸುವ ಬದಲು ಬೆರಳಿನ ಪ್ರೋಬ್ ನೋಡಿ, ರೋಗಿ ಮಂಪರಿಗೆ ಜಾರುತ್ತಿದ್ದಾರೆಯೇ ಎಂದು ಮಾತಾಡಿಸಿ ನೋಡಿ, ಹೆಚ್ಚಿನ ಆಮ್ಲಜನಕ ಈ ರೋಗಿಗೆ ಏಕೆ ಅಪಾಯ ಎಂಬುದನ್ನು ಅವರಿಗೆ ಎರಡು ಮಾತಿನಲ್ಲಿ ತಿಳಿಸಬೇಕು. ಆದೇಶದಲ್ಲಿ ಗುರಿಯ ಮಟ್ಟವನ್ನೇ ಬರೆದಿಲ್ಲವಾದರೆ ರೌಂಡ್ಸ್ ಮುಗಿಯುವುದರೊಳಗೆ ಬರೆಸಿಕೊಳ್ಳಬೇಕು.